ಕೆಲಸ ಬಿಡದೇ ಕೈದೋಟದ ವಿನ್ಯಾಸ ಕಲಿಯಬಹುದಾ?

ಪ್ರಶ್ನೆ: ಅಕ್ಕಾವ್ರೇ, ನನಗೆ 36 ವರ್ಷ. ಬಿಕಾಂ ಓದಿ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮನೆಗಳ ಕೈದೋಟ ವಿನ್ಯಾಸ ಮಾಡಿಕೊಡುವ ಕೆಲಸಕ್ಕೆ ಬರುವ ಆಸೆ. ಕೆಲಸ ಬಿಟ್ಟು ಡಿಗ್ರಿಗೆ ಸೇರಲಾ? ಮೊದಲು ಡ್ರಾಯಿಂಗ್ ಕಲಿಯಲಾ, ಗಿಡ ಕಲಿಯಲಾ?
– ಹೆಸರು ಬೇಡ, ಗೋಕುಲ ರೋಡ್, ಹುಬ್ಬಳ್ಳಿ

ಉತ್ತರ: ಕೆಲಸ ಬಿಡಬೇಡಿ ತಂಗಿ. ತೋಟಗಾರಿಕೆ ಬಿಎಸ್ಸಿ ಅಂದರೆ 4 ವರ್ಷದ ಪೂರ್ತಿ ಹೊತ್ತಿನ ಓದು, ಪಿಯುಸಿಯಲ್ಲಿ ವಿಜ್ಞಾನ ಬೇಕು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಲು ಸಾಮಾನ್ಯವಾಗಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಆಗಿರಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಬೋರ್ಡ್ ಹಾಕುವಂತಿಲ್ಲ. ಆದರೆ ಅಂಗಳದ ಕೈದೋಟ ಮಾಡಿಕೊಡಲು ಆ ಹೆಸರೇ ಬೇಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಂದು ದಿನ ರಜೆ ಹಾಕಿ ಹೋಗಿ, ತೋಟಗಾರಿಕೆ ವಿಭಾಗದಲ್ಲಿ ಸಣ್ಣ ತರಬೇತಿಗಳ ಬಗ್ಗೆ ವಿಚಾರಿಸಿ. ಸೈದಾಪುರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ.

ಇನ್ನು ಎರಡನೇ ಪ್ರಶ್ನೆ. ಡ್ರಾಯಿಂಗಿಗೂ ಗಿಡಕ್ಕೂ ಮೊದಲು ಮಣ್ಣು ಕಲಿಯಿರಿ. ನಮ್ಮ ಕಡೆ ಕೈದೋಟ ಕೆಡುವುದು ಜಾಸ್ತಿ ಅಲ್ಲೇ. ಎರಿ ಮಣ್ಣು, ಅಂದರೆ ಕಪ್ಪು ಜೇಡಿ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ತಗ್ಗು ತೋಡಿ ಕೆಂಪು ಮಣ್ಣು ತುಂಬಿ ಗಿಡ ನೆಡುವುದು ಎಲ್ಲರ ರೂಢಿ. ಮಳೆಗಾಲದಲ್ಲಿ ನೀರು ಆ ತಗ್ಗಿಗೆ ಇಳಿಯುತ್ತದೆ, ಸುತ್ತಲಿನ ಎರಿ ಅದನ್ನು ಹೊರಗೆ ಬಿಡುವುದಿಲ್ಲ. ಬೇರು ಕೊಳೆಯುತ್ತದೆ. ದಿಬ್ಬ ಏರಿಸಿ ನೆಡುವುದೇ ಸರಿ. ಗೋಡೆಯ ಹತ್ತಿರ ದೊಡ್ಡ ಮರ ಬೇಡವೇ ಬೇಡ. ಬೇರು ನೀರು ಹೀರಿದಂತೆ ಎರಿ ಕುಗ್ಗಿ, ಬುನಾದಿ ಒಂದೇ ಕಡೆ ಕುಸಿಯಬಹುದು. ಇಕ್ಸೋರಾ ಹೂಗಿಡದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಗೊಬ್ಬರ ಸುರಿಯಬೇಡಿ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ.

ಭಾನುವಾರ ಒಂದು ಗಾಜಿನ ಬಾಟಲಿಗೆ ಅಂಗಳದ ಮಣ್ಣು ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಕುಲುಕಿ ಇಡಿ. ಉಸುಕು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಮರುದಿನವೂ ನೀರು ಕದಡಿಯೇ ಇದ್ದರೆ ಜೇಡಿ ಜಾಸ್ತಿ ಇದೆ ಎಂದು ತಿಳಿಯಿರಿ. ಹಾಗೇ ಒಂದು ಅಡಿ ತಗ್ಗು ತೋಡಿ, ನೀರು ತುಂಬಿ, ಎಷ್ಟು ಹೊತ್ತಿಗೆ ಇಂಗುತ್ತದೆ ಬರೆದಿಡಿ. ಧಾರವಾಡದಲ್ಲಿ ಕೆಂಪು ಮಣ್ಣಿನ ಓಣಿಯಲ್ಲಿರುವ ಗೆಳತಿಯ ಮನೆಯಲ್ಲೂ ಇದನ್ನೇ ಮಾಡಿ ನೋಡಿ.

ನನ್ನ ನರ್ಸರಿಗೆ ಬಂದವರು ಮೊದಲು ಕೇಳುವುದು ಲಾನ್. ನಳಕ್ಕೆ ದಿನಾ ನೀರು ಬಾರದ ಮನೆಯವರಿಗೂ ಅದೇ ಬೇಕು! ನನಗೆ ಇದು ನಿಜಕ್ಕೂ ಸಂಕಟ. ನೀವು ಮಾತ್ರ ಕಣಗಲ, ನಂದಿಬಟ್ಟಲು, ದಾಸವಾಳ ಹೇಳಲು ಧೈರ್ಯ ಮಾಡಿ.

ಡ್ರಾಯಿಂಗಿಗೆ ಸದ್ಯ ಕಂಪ್ಯೂಟರ್ ಬೇಡ. 30x40 ಅಡಿಯ ಸೈಟು 1:100 ಅಳತೆಯಲ್ಲಿ (ನೆಲದ 1 ಮೀಟರ್ ಹಾಳೆಯಲ್ಲಿ 1 ಸೆಂ.ಮೀ.) ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ಎ4 ಹಾಳೆ ಸಾಕು. ಉತ್ತರ ದಿಕ್ಕು, ನಳ, ಚರಂಡಿ, ಮಧ್ಯಾಹ್ನದ ನೆರಳು ಗುರುತು ಮಾಡಿ. ಪ್ರತಿ ಗಿಡಕ್ಕೂ ಪೂರ್ತಿ ಬೆಳೆದ ಮೇಲಿನ ಹರವಿನಷ್ಟು ದೊಡ್ಡ ವೃತ್ತ ಹಾಕಿ. ಖರ್ಚಿನ ಪಟ್ಟಿ ನಿಮಗೆ ಯಾರೂ ಕಲಿಸಬೇಕಿಲ್ಲ, ಲೆಕ್ಕ ಬರೆಯುವವರಲ್ವಾ. ಮೊದಲ ಹಾಳೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನೋಡಿ ಬರೆಯುತ್ತೇನೆ.