ಶಿಕ್ಷಣ ಪ್ರಶ್ನೋತ್ತರ: ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಪಾಠ ಹೇಗಿರಬೇಕು?

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ಸ್ಮಾರ್ಟ್ ಬೋರ್ಡ್ ಕೊಡಿಸಿದ್ದಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ ದೀಕ್ಷಾ ವಿಡಿಯೊಗಳನ್ನೂ ಯೂಟ್ಯೂಬಿನ ಪಾಠಗಳನ್ನೂ ತೋರಿಸುತ್ತೇನೆ. ಒಂದೊಂದು ಪೂರ್ತಿ ಪೀರಿಯಡ್ಡಿನಷ್ಟು ಉದ್ದವಿರುತ್ತದೆ. ಮಕ್ಕಳು ಸದ್ದಿಲ್ಲದೆ ನೋಡುತ್ತಾರೆ, ಅರ್ಥವಾಯಿತೆಂದು ತಲೆಯಾಡಿಸುತ್ತಾರೆ. ಮುಂದಿನ ವಾರ ಅದನ್ನೇ ಕೇಳಿದರೆ ಉತ್ತರ ಬರುವುದಿಲ್ಲ. ದೋಷ ವಿಡಿಯೊಗಳದ್ದೇ, ನನ್ನದೇ?
– ವಿಜ್ಞಾನ ಶಿಕ್ಷಕಿ, ಕುಮಟಾ ತಾಲೂಕು

ಉತ್ತರ: ಮಾನ್ಯರೇ, ವಿಡಿಯೊಗಳು ಚೆನ್ನಾಗಿಯೇ ಇರಬಹುದು, ನಿಮ್ಮ ಶ್ರದ್ಧೆಯಲ್ಲೂ ಕೊರತೆ ಕಾಣುವುದಿಲ್ಲ. ಆದರೆ ಆ ನಲವತ್ತು ನಿಮಿಷಗಳಲ್ಲಿ ಮಕ್ಕಳಿಗೆ ನೋಡುವುದರ ಹೊರತು ಬೇರೆ ಕೆಲಸವೇ ಇಲ್ಲದಿರುವುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ರಿಚರ್ಡ್ ಕ್ಲಾರ್ಕ್ ಅವರು ಬೋಧನಾ ಮಾಧ್ಯಮಗಳನ್ನು ಕುರಿತು ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಪರಿಶೀಲಿಸಿ 1983ರಲ್ಲಿ ಒಂದು ನಿಲುವಿಗೆ ಬಂದರು: ಕಲಿಕೆಯನ್ನು ಹೆಚ್ಚಿಸುವುದು ಮಾಧ್ಯಮವಲ್ಲ, ಅದರ ಮೂಲಕ ನಡೆಯುವ ಬೋಧನೆಯ ಕ್ರಮ. ದಿನಸಿ ಹೊತ್ತು ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಬದಲಾಗದು ಎಂಬುದು ಅವರೇ ಕೊಟ್ಟ ಹೋಲಿಕೆ. ರಾಬರ್ಟ್ ಕೋಜ್ಮಾ ಅವರಂಥವರು ಇದನ್ನು ಒಪ್ಪಲಿಲ್ಲ. ಕೆಲವು ವಿಷಯಗಳನ್ನು ಕೆಲವು ಮಾಧ್ಯಮಗಳಷ್ಟೇ ತೋರಿಸಬಲ್ಲವು ಎಂದು ಅವರು ವಾದಿಸಿದರು. ನನ್ನ ದೃಷ್ಟಿಯಲ್ಲಿ ಇಬ್ಬರ ಮಾತೂ ನಿಮ್ಮ ತರಗತಿಗೆ ಬೇಕಾದದ್ದೇ. ಎಲ್ಲವನ್ನೂ ಪರದೆಯ ಮೇಲೆ ತರಬೇಕಾಗಿಲ್ಲ, ಆದರೆ ಪರದೆಯಿಲ್ಲದೆ ತೋರಿಸಲಾಗದ ಸಂಗತಿಗಳೂ ಇವೆ.

ಮೊದಲು ಅವಧಿಯ ವಿಚಾರ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ಜಾಲದಲ್ಲಿ ಕಲಿಯುವವರು ವಿಡಿಯೊಗಳನ್ನು ಎಷ್ಟು ಹೊತ್ತು ನೋಡುತ್ತಾರೆಂದು ಲೆಕ್ಕ ಹಾಕಿದ ಸಂಶೋಧಕರು 2014ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯ ವೀಕ್ಷಕ ಅದರ ಮುಂದೆ ನಿಲ್ಲುತ್ತಿದ್ದುದು ಹೆಚ್ಚೆಂದರೆ ಆರು ನಿಮಿಷ. ಅವರು ತಾವಾಗಿ ಹೆಸರು ನೋಂದಾಯಿಸಿಕೊಂಡವರು. ಬೇಸರವಾದಾಗ ನಿಲ್ಲಿಸುವ ಸ್ವಾತಂತ್ರ್ಯ ಅವರಿಗಿತ್ತು. ನಿಮ್ಮ ಮಕ್ಕಳಿಗೆ ಆ ಸ್ವಾತಂತ್ರ್ಯವಿಲ್ಲ, ಆದ್ದರಿಂದ ಅವರು ಎದ್ದುಹೋಗದೆ ಕುಳಿತಲ್ಲೇ ಗಮನ ಕಳೆದುಕೊಳ್ಳುತ್ತಾರೆ. ಹೀಗಾಗಿ ಸದ್ದಿಲ್ಲದೆ ನೋಡುತ್ತಾರೆ ಎಂಬುದನ್ನು ಕಲಿಯುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಇನ್ನು ಮುಂದಿನ ವಾರ ಮರೆತುಹೋಗುವ ವಿಚಾರ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಕೆಲವು ಗದ್ಯಭಾಗಗಳನ್ನು ಎರಡು ಸಲ ಓದಿದರು, ಇನ್ನು ಕೆಲವನ್ನು ಒಮ್ಮೆ ಓದಿ, ಹಾಳೆ ಬದಿಗಿಟ್ಟು, ನೆನಪಾದಷ್ಟನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕ ಕೇಳಿದಾಗ ಲೆಕ್ಕ ತಿರುಗಿತು: ನೆನಪಿನಿಂದ ಬರೆದ ಭಾಗ ಶೇ. 56ರಷ್ಟು ಉಳಿದಿತ್ತು, ಮತ್ತೆ ಓದಿದ ಭಾಗ ಶೇ. 42ರಷ್ಟು. ನಿಮ್ಮ ತರಗತಿಯಲ್ಲಿ ಅಂದೇ ತಲೆಯಾಡಿಸಿದ ಮಕ್ಕಳು ವಾರದ ಮೇಲೆ ಮೌನವಾಗುವುದಕ್ಕೆ ಕಾರಣವನ್ನು ಇಲ್ಲೇ ಹುಡುಕಬೇಕು. ವಿಡಿಯೊವನ್ನು ಎರಡನೆಯ ಸಲ ಹಾಕುವ ಬದಲು, ಬೋರ್ಡನ್ನು ಆರಿಸಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಐದು ವಾಕ್ಯ ಬರೆಯಿಸಿ. ಅದಕ್ಕೆ ಅಂಕ ಕೊಡಬೇಡಿ. ಅಂಕದ ಭಯ ಹೊಕ್ಕರೆ ಪಕ್ಕದವರದ್ದನ್ನು ನೋಡಿ ಬರೆಯುವ ಅಭ್ಯಾಸ ಶುರುವಾಗುತ್ತದೆ.

ನಿಮ್ಮ ತಾಲೂಕಿನದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ದ್ರಾವಣ ಮತ್ತು ಸ್ಫಟಿಕೀಕರಣದ ಪಾಠಕ್ಕೆ ಅಂತರ್ಜಾಲದಲ್ಲಿ ಎಲ್ಲೋ ಪರದೇಶದ ಉಪ್ಪಿನ ಗದ್ದೆಗಳ ದೃಶ್ಯಗಳು ಹೇರಳವಾಗಿ ಸಿಗುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಉಪ್ಪುನೀರು ಬಿಸಿಲಿಗೆ ಹರಳುಗಟ್ಟುವುದನ್ನು ಕಣ್ಣಾರೆ ನೋಡಬಹುದಾಗಿರುವಾಗ ಆ ದೃಶ್ಯಗಳಿಗಾಗಿ ಡೇಟಾ ಖರ್ಚು ಮಾಡುವುದು ವ್ಯರ್ಥ. ಮೊದಲು ಮಕ್ಕಳಿಂದ ಊಹೆ ಮಾಡಿಸಿ: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಎಷ್ಟು ಲವಣ ಇರಬಹುದು, ನೀರು ಎಷ್ಟು ಆರಿದಾಗ ಉಪ್ಪಿನ ಹರಳು ಕಾಣಬಹುದು? ಲವಣ ಸುಮಾರು 35 ಗ್ರಾಂ ಇರುತ್ತದೆ. ಆದರೆ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಅಡುಗೆ ಉಪ್ಪು ಹರಳುಗಟ್ಟಲು ತೊಡಗುವುದಿಲ್ಲ. ಅದಕ್ಕೂ ಮೊದಲೇ ಸುಣ್ಣದ ಅಂಶ, ಆ ಮೇಲೆ ಜಿಪ್ಸಮ್ ತಳಕ್ಕೆ ಇಳಿದಿರುತ್ತವೆ. ಅರ್ಧ ನೀರು ಆರಿದರೆ ಅರ್ಧ ಉಪ್ಪು ಸಿಗುತ್ತದೆಂದು ಊಹಿಸಿದ ಮಕ್ಕಳಿಗೆ ಇದು ಅಚ್ಚರಿ. ಆ ಅಚ್ಚರಿಯ ಹೊತ್ತಿಗೆ ಪರದೆಯನ್ನು ತೆರೆಯಿರಿ.

ಏಕೆಂದರೆ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ನೀರಿನಲ್ಲಿ ಬೇರೆಬೇರೆಯಾಗಿ ಚಲಿಸುತ್ತಿದ್ದು, ನೀರು ಕಡಿಮೆಯಾದಂತೆ ಘನಾಕೃತಿಯ ಜಾಲರಿಯಲ್ಲಿ ಜೋಡಣೆಯಾಗುವುದನ್ನು ಸಾಣಿಕಟ್ಟಾದಲ್ಲಿ ಎಷ್ಟು ಹೊತ್ತು ನಿಂತರೂ ಕಾಣಲಾಗದು. ಇಂಥ ದೃಶ್ಯಗಳಿಗೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ಉಚಿತ ಸಿಮ್ಯುಲೇಶನ್‌ಗಳನ್ನು (ಪರದೆಯ ಮೇಲೆ ಮಾಡಿ ನೋಡುವ ಅಣಕು ಪ್ರಯೋಗಗಳನ್ನು) ಬಳಸಬಹುದು. ಭೌತವಿಜ್ಞಾನಿ ಕಾರ್ಲ್ ವೀಮನ್ ಅದನ್ನು ಆರಂಭಿಸಿದ್ದು 2002ರಲ್ಲಿ. ಉಪ್ಪು ಹಾಕುವ, ನೀರು ಆರಿಸುವ ಗುಂಡಿಗಳನ್ನು ನೀವೇ ಒತ್ತದೆ ಮಕ್ಕಳ ಕೈಗೆ ಕೊಡಿ, ಪ್ರತಿ ಸಲ ಒತ್ತುವ ಮೊದಲು ಏನಾದೀತೆಂದು ಹೇಳಿಸಿ. ಐದು ನಿಮಿಷದ ನಂತರ ಬೋರ್ಡ್ ಆರಿಸಿ, ಮೇಲೆ ಹೇಳಿದ ಐದು ವಾಕ್ಯ ಬರೆಯಿಸಿ. ಒಂದು ವಾರದ ಬಳಿಕ, ಮಳೆಗಾಲದಲ್ಲಿ ಉಪ್ಪಿನ ಆಗರ ಏಕೆ ನಡೆಯುವುದಿಲ್ಲ ಎಂದು ಕೇಳಿ. ಬಿಸಿಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನದಿಯ ಸಿಹಿನೀರು ಕೂಡಿ ಅಳಿವೆಯ ನೀರೇ ಸಪ್ಪೆಯಾಗಿರುತ್ತದೆ ಎಂದು ಹೇಳಿದ ಮಗುವಿಗೆ ಪಾಠ ಹತ್ತಿದೆ ಎಂದು ತಿಳಿಯಬಹುದು.

ಪ್ರಶ್ನೆ: ನಮ್ಮದು ಜೋಯಿಡಾ ತಾಲೂಕಿನ ಕಾಡಿನ ನಡುವಿನ ಶಾಲೆ. ಫೋನ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಮನೆಯಲ್ಲಿ ಫೋನ್ ಇದ್ದರೂ ಅದು ತಂದೆಯ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಆನ್‌ಲೈನ್ ಶಿಕ್ಷಣವೆಂಬುದು ನಮ್ಮಂಥವರಿಗೆ ಸಲ್ಲದ ಮಾತೇ?
– ಪ್ರಾಥಮಿಕ ಶಾಲಾ ಶಿಕ್ಷಕ, ಶಿರಸಿ ಶೈಕ್ಷಣಿಕ ಜಿಲ್ಲೆ

ಉತ್ತರ: ನೇರ ಪ್ರಸಾರದ ತರಗತಿ ನಿಮಗೆ ಸಲ್ಲದು, ಅದನ್ನು ಒಪ್ಪಿಕೊಂಡೇ ಮುಂದುವರಿಯೋಣ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಸೇತುಬಂಧ ಸಂವೇದ ಪಾಠಗಳು ಬಂದವು, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವ ವಿದ್ಯಾಗಮವೂ ಕೆಲವು ತಿಂಗಳು ನಡೆಯಿತು. ಟಿ.ವಿ. ಎಲ್ಲ ಮನೆಗಳಿಗೂ ಒಂದೇ ಪಾಠ ಮುಟ್ಟಿಸಬಲ್ಲುದಾಗಿತ್ತು, ಆದರೆ ಮಗುವಿನ ಉತ್ತರವನ್ನು ಕೇಳಿಸಿಕೊಳ್ಳಲು ಅದರಿಂದಾಗದು. ಕೇಳಿಸಿಕೊಳ್ಳುವ ಶಿಕ್ಷಕರು ಕಾಲ್ನಡಿಗೆಯಲ್ಲೇ ಹೋಗಬೇಕಾಯಿತು. ನಿಮಗೆ ಆ ತೊಂದರೆಯಿಲ್ಲ, ಮಕ್ಕಳು ದಿನವೂ ನಿಮ್ಮೆದುರೇ ಇದ್ದಾರೆ. ಕೊರತೆಯಿರುವುದು ಸಾಮಗ್ರಿಗೆ, ಅದನ್ನು ಒಮ್ಮೆ ತಂದಿಟ್ಟುಕೊಂಡರೆ ಸಾಕು.

ತಾಲೂಕು ಕೇಂದ್ರಕ್ಕೋ ದಾಂಡೇಲಿಗೋ ಹೋದಾಗ ದೀಕ್ಷಾ ಆ್ಯಪ್‌ನಲ್ಲಿ ಬೇಕಾದ ಪಾಠಗಳನ್ನು ಇಳಿಸಿಕೊಂಡರೆ ಅವು ಸಿಗ್ನಲ್ ಇಲ್ಲದೆಯೂ ತೆರೆಯುತ್ತವೆ. ಫೆಟ್‌ನ ಸಿಮ್ಯುಲೇಶನ್‌ಗಳನ್ನೂ ಹೀಗೆಯೇ ಕಡತವಾಗಿ ಇಟ್ಟುಕೊಳ್ಳಬಹುದು. ಕಿವಿಕ್ಸ್ ಎಂಬ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಒಂದು ಮೆಮೊರಿ ಕಾರ್ಡಿನಲ್ಲಿ ತರಬಹುದು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಕೊಲಿಬ್ರಿ ಎಂಬ ಉಚಿತ ತಂತ್ರಾಂಶ ಹಾಕಿ. ಅಂತರ್ಜಾಲವಿಲ್ಲದ ವೈಫೈ ಮೂಲಕವೇ ಅಕ್ಕಪಕ್ಕದ ಫೋನ್, ಟ್ಯಾಬ್‌ಗಳು ಅದರಲ್ಲಿರುವ ಪಾಠಗಳನ್ನು ಓದುತ್ತವೆ, ಯಾವ ಮಗು ಯಾವ ಪ್ರಶ್ನೆಯಲ್ಲಿ ಎಡವಿತು ಎಂಬುದೂ ನಿಮಗೆ ಕಾಣುತ್ತದೆ. ಅದರ ಭಂಡಾರದಲ್ಲಿ ಇಂಗ್ಲಿಷ್ ಸಾಮಗ್ರಿಯೇ ಹೆಚ್ಚು, ಕನ್ನಡದ್ದನ್ನು ನೀವೇ ಸೇರಿಸಬೇಕಾದೀತು. ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದರೆ ಮಳೆಗಾಲದ ಮೊದಲೇ ಬದಲಿಸಿಕೊಳ್ಳಿ, ಇಲ್ಲವಾದರೆ ಮೇಲಿನ ಸಲಹೆಗಳಲ್ಲಿ ಅರ್ಧ ಕೆಲಸಕ್ಕೆ ಬಾರವು.

ಮನೆಗೆ ಕಳಿಸುವುದಕ್ಕೆ ವಿಡಿಯೊ ಬೇಡ, ಧ್ವನಿಮುದ್ರಣ ಸಾಕು. ಮಾತಿಗೆ ಸೆಕೆಂಡಿಗೆ 32 ಕಿಲೋಬಿಟ್ ಗುಣಮಟ್ಟ ಧಾರಾಳವಾಯಿತು. ಆ ಲೆಕ್ಕದಲ್ಲಿ ಆರು ನಿಮಿಷದ ಪಾಠ ಒಂದೂವರೆ ಎಂಬಿಗಿಂತ ಕಡಿಮೆ. ತಂದೆ ಊರ ದಾರಿಯಲ್ಲಿ ಸಿಗ್ನಲ್ ಸಿಕ್ಕ ಕಡೆ ನಿಂತಾಗ ಅದು ಬಂದು ಕೂರುತ್ತದೆ, ಸಂಜೆ ಮಗು ಪುಸ್ತಕ ತೆರೆದಿಟ್ಟುಕೊಂಡು ಕೇಳಬಹುದು. ಧ್ವನಿಯಲ್ಲಿ ಪುಟಸಂಖ್ಯೆ ಹೇಳಲು ಮರೆಯಬೇಡಿ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಮರುದಿನ ನೋಟ್‌ಬುಕ್ಕಿನಲ್ಲಿ ಬರಲಿ.

ಪ್ರಶ್ನೆ: ಶಿರಸಿಯಲ್ಲಿ ಪದವಿ ಓದುತ್ತಿದ್ದೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ‘ಸ್ವಯಂ’ನ ಕೋರ್ಸುಗಳು ಉಚಿತವೇ? ನನ್ನ ಪದವಿಗೆ ಅವು ಲೆಕ್ಕಕ್ಕೆ ಬರುತ್ತವೆಯೇ?

ಉತ್ತರ: 2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯಲ್ಲಿ ಪಾಠ ಕಲಿಯುವುದು ಉಚಿತ, ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮ ಅವಕಾಶ ಕೊಟ್ಟಿದೆ, ಆದರೆ ಯಾವ ಕೋರ್ಸನ್ನು ಒಪ್ಪಬೇಕೆಂದು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ. ಹೆಸರು ನೋಂದಾಯಿಸುವ ಮೊದಲೇ ಪ್ರಾಂಶುಪಾಲರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಮಗಳ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಅಂಕಪಟ್ಟಿ, ಹೋಂವರ್ಕಿನ ಫೋಟೊ, ಎಲ್ಲರ ಫೋನ್ ನಂಬರ್ ಎಲ್ಲವೂ ಎಲ್ಲರಿಗೂ ಕಾಣುತ್ತವೆ. ಆಕ್ಷೇಪಿಸಿದರೆ ಶಿಕ್ಷಕರಿಗೆ ಬೇಸರವಾದೀತೆಂಬ ಅಂಜಿಕೆ.
– ತಾಯಿ, ಕಾರವಾರ

ಉತ್ತರ: ಅಂಜಬೇಕಾಗಿಲ್ಲ, ಆಕ್ಷೇಪದ ಬದಲು ಪರ್ಯಾಯವನ್ನೇ ಸೂಚಿಸಿ. ಹದಿನೆಂಟು ವರ್ಷದೊಳಗಿನವರ ಡಿಜಿಟಲ್ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂಬುದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತತ್ವ. ಆದರೆ ಮಾತುಕತೆಯನ್ನು ಕಾಯ್ದೆಯಿಂದ ಶುರುಮಾಡುವುದು ಜಾಣತನವಲ್ಲ. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ ಅದನ್ನು ಸೂಚನೆಗಳಿಗಷ್ಟೇ ಇಟ್ಟುಕೊಂಡು, ಹೋಂವರ್ಕನ್ನು ಶಿಕ್ಷಕರ ನಂಬರಿಗೆ ನೇರವಾಗಿ ಕಳಿಸಬಹುದೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ. ಗುಂಪಿನ ಬದಲು, ಒಂದೇ ಸಂದೇಶವನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಆದರೆ ಶಿಕ್ಷಕರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡ ಪೋಷಕರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಅದೇ ಸಭೆಯಲ್ಲಿ ಎಲ್ಲರಿಂದ ನಂಬರ್ ಉಳಿಸಿಕೊಳ್ಳುವ ಕೆಲಸವನ್ನೂ ಮುಗಿಸಿಬಿಡಿ. ಅಂಕಪಟ್ಟಿಯನ್ನು ಮಾತ್ರ ಯಾವ ಗುಂಪಿಗೂ ಹಾಕದೆ ಮಗುವಿನ ಕೈಯಲ್ಲೇ ಕಳಿಸಬೇಕೆಂದು ಕೇಳಿಕೊಳ್ಳಿ.