ಹಾಸಿಗೆಯ ಅಳತೆ ಹಿಡಿದವರು ಯಾರು?

ಪತ್ರ: ಅಮೆರಿಕದ ನೌಕಾಪಡೆ ಹುಟ್ಟಿದ ಬಗೆಯನ್ನು ಕುರಿತ ನಿಮ್ಮ ಲೇಖನದಲ್ಲಿ, ಸಾಲದಲ್ಲಿದ್ದ ಹೊಸ ದೇಶಕ್ಕೆ ಯುದ್ಧನೌಕೆಗಳು ಬೇಡವೆಂದ ಸಂಸದ ಜೇಮ್ಸ್ ಮ್ಯಾಡಿಸನ್ ಅವರನ್ನು ಜಿಪುಣರಂತೆ ಚಿತ್ರಿಸಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದದ್ದು ತಪ್ಪೇ?
– ಓದುಗರೊಬ್ಬರು, ಶಿರಸಿ

ಉತ್ತರ: ತಪ್ಪಲ್ಲ. ಸ್ವಾತಂತ್ರ್ಯಯುದ್ಧದ ಸಾಲ ಹೊತ್ತ ಆ ದೇಶ ತನ್ನ ಕೊನೆಯ ಯುದ್ಧನೌಕೆ ‘ಅಲಯನ್ಸ್’ ಅನ್ನು 1785ರಲ್ಲಿ ಮಾರಿಕೊಂಡಿತ್ತು. ಮುಂದೆ ‘ಕಾನ್‌ಸ್ಟಿಟ್ಯೂಷನ್’ ಎಂಬ ನೌಕೆಯೊಂದಕ್ಕೇ 3 ಲಕ್ಷ ಡಾಲರಿಗೂ ಮೀರಿ ಖರ್ಚಾಯಿತು. ಆ ಮಟ್ಟಿಗೆ ಮ್ಯಾಡಿಸನ್ ಅವರ ಭಯ ನಿಜವೇ. ಆದರೆ ಹಾಸಿಗೆಯ ಅಳತೆ ಹಿಡಿದವರು ಯಾರು, ಸ್ವಾಮಿ?

1793ರಲ್ಲಿ ಪೋರ್ಚುಗಲ್, ಉತ್ತರ ಆಫ್ರಿಕದ ಕಡಲ್ಗಳ್ಳರ ರಾಜ್ಯವಾದ ಅಲ್ಜೀರ್ಸ್‌ನೊಡನೆ ಕದನವಿರಾಮ ಮಾಡಿಕೊಂಡು ಜಿಬ್ರಾಲ್ಟರ್‌ನ ಕಾವಲು ಸಡಿಲಿಸಿದ್ದೇ ತಡ, ಅಮೆರಿಕದ 11 ವ್ಯಾಪಾರಿ ಹಡಗುಗಳು ಆ ಕಡಲ್ಗಳ್ಳರಿಗೆ ಸೆರೆಯಾದವು. ನೂರಕ್ಕೂ ಹೆಚ್ಚು ನಾವಿಕರು ಗುಲಾಮರಾದರು. ಇಷ್ಟಾದರೂ, ನೌಕಾಬಲ ಬೇಕೆಂಬ ನಿರ್ಣಯ 1794ರ ಜನವರಿ 2ರಂದು ಪ್ರತಿನಿಧಿ ಸಭೆಯಲ್ಲಿ ಗೆದ್ದದ್ದು 46ಕ್ಕೆ 44 ಮತಗಳಿಂದ. ಹಣ ಕೊಟ್ಟು ಶಾಂತಿ ಕೊಳ್ಳೋಣ, ಇಲ್ಲವೆ ಪೋರ್ಚುಗಲ್‌ನ ನೆರವನ್ನೇ ಪಡೆಯೋಣ ಎಂಬುದು ನಿಮ್ಮ ಮ್ಯಾಡಿಸನ್ ಅವರ ಸಲಹೆ. ಕಾವಲು ಬಿಟ್ಟು ಎದ್ದುಹೋದವನನ್ನೇ ಮತ್ತೆ ಕಾವಲಿಗೆ ಕರೆಯುವ ಮಿತವ್ಯಯ ಇದು!

ಮಾರ್ಚ್ 27ರ ಕಾಯ್ದೆ ಆರು ನೌಕೆಗಳಿಗೆ ಒಪ್ಪಿತಾದರೂ, ಅಲ್ಜೀರ್ಸ್‌ನೊಡನೆ ಸಂಧಿಯಾದರೆ ಕೆಲಸ ನಿಲ್ಲಬೇಕೆಂಬ ಷರತ್ತನ್ನು ವಿರೋಧಿಗಳಿಗಾಗಿ ಸೇರಿಸಿಕೊಂಡಿತ್ತು. 1795ರಲ್ಲಿ ಸಂಧಿಯಾಯಿತು. ಅದಕ್ಕೆ ಒಟ್ಟು ತೆತ್ತದ್ದು ಸುಮಾರು 10 ಲಕ್ಷ ಡಾಲರ್. ಆರೂ ನೌಕೆಗಳಿಗೆಂದು ಮೊದಲು ಮಂಜೂರಾಗಿದ್ದದ್ದು 7 ಲಕ್ಷಕ್ಕೂ ಕಡಿಮೆ. ಪೋರ್ಟ್ಸ್‌ಮತ್‌ನಲ್ಲಿ ‘ಕಾಂಗ್ರೆಸ್’ ನೌಕೆ ಅರ್ಧಕ್ಕೇ ನಿಂತಿತು. ಅದೇ ಊರಿನಲ್ಲಿ ಅಲ್ಜೀರ್ಸ್‌ನ ಒಡೆಯನಿಗೆ ಕಪ್ಪವಾಗಿ ‘ಕ್ರೆಸೆಂಟ್’ ಎಂಬ ಹೊಸ ನೌಕೆ ಸಿದ್ಧವಾಯಿತು. ಈ ಲೆಕ್ಕ ನಿಮ್ಮ ಗಾದೆಗೆ ಹೇಗೆ ಹೊಂದುತ್ತದೋ ನಾನರಿಯೆ. ಮೂರು ನೌಕೆಗಳನ್ನಾದರೂ ಮುಗಿಸಲು 1796ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಮತ್ತೆ ಸಂಸತ್ತಿನ ಮುಂದೆ ನಿಲ್ಲಬೇಕಾಯಿತು.

ಕಾಡಿನ ಸೀಮೆಯವರಾದ ನಿಮಗೆ ಮರದ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿನ್ಯಾಸಕಾರ ಜೋಶುವಾ ಹಂಫ್ರೀಸ್ ಪಟ್ಟು ಹಿಡಿದದ್ದು ಜಾರ್ಜಿಯಾದ ಲೈವ್ ಓಕ್ ಮರಕ್ಕೆ. ಅದರ ಕೊಂಬೆಯ ಸಹಜವಾದ ಬಾಗೇ ಹಡಗಿನ ಪಕ್ಕೆಲುಬಾಗಬೇಕಿತ್ತು. ಕಡಿಯಲು ಹೋದವರು ಜೌಗುನೆಲದಲ್ಲಿ ಚಳಿಜ್ವರಕ್ಕೆ ಬಿದ್ದರು, ಕೆಲಸ ತಿಂಗಳುಗಟ್ಟಲೆ ಹಿಂದೆ ಬಿತ್ತು. ಇದನ್ನೆಲ್ಲ ಯಾರು ಬರೆಯುತ್ತಾರೆ? ನಮ್ಮ ಕಚೇರಿಗೆ ಬರುವ ಚರಿತ್ರೆಯ ಲೇಖನಗಳು ಕಾಳಗದ ಬೆಳಗಿನಲ್ಲಿ ಶುರುವಾಗಿ ಸಂಜೆಗೆ ಮುಗಿಯುತ್ತವೆ. ಎರಡು ಮತಗಳ ಅಂತರವಾಗಲಿ ಮರ ಕಡಿದವನ ಜ್ವರವಾಗಲಿ ಅವುಗಳಲ್ಲಿ ಇಣುಕುವುದಿಲ್ಲ. ಆ ಚರ್ಚೆಯನ್ನೇ ಹಿಡಿದು ಜಗಳಕ್ಕೆ ಬಂದ ನೀವು ಅಪರೂಪದವರು, ಅದಕ್ಕೇ ಈ ಉದ್ದದ ಉತ್ತರ.

1812ರ ಆಗಸ್ಟ್ 19ರಂದು ಬ್ರಿಟನ್ನಿನ ‘ಗೆರಿಯೇರ್’ ಹಾರಿಸಿದ ಗುಂಡುಗಳು ಆ ಓಕ್ ಮೈಗೆ ತಾಗಿ ಸಿಡಿದುಬಿದ್ದಾಗ ‘ಕಾನ್‌ಸ್ಟಿಟ್ಯೂಷನ್’ಗೆ ‘ಕಬ್ಬಿಣದ ಪಕ್ಕೆ’ಯೆಂಬ ಹೆಸರು ಬಂತು. ಆಗ ದೇಶದ ಅಧ್ಯಕ್ಷರಾಗಿದ್ದವರು ನಿಮ್ಮ ಮ್ಯಾಡಿಸನ್ ಅವರೇ.