ಪ್ರತಿಕ್ರಿಯೆ: ನಾಯಕರಿಲ್ಲದೆ ದಂಗೆ ಏಳೋಕಾಗುತ್ತಾ?

ನಾಯಕರಿಲ್ಲದೆ ಜನ ಏಳೋದಿಲ್ಲ, ಮೇಲೆ ಆಳುವವರೇ ಬೇಡ ಅನ್ನೋ ಅರಾಜಕತಾವಾದಿಗಳದ್ದು ಬರೀ ಕನಸು ಅಲ್ವಾ ಅಂತ ಕೇಳಿದ್ದೀರಿ. ಮುಂಬೈಯಲ್ಲೇ ಇದ್ದೀರಲ್ಲ, ಕೊಲಾಬಾ ಕಡೆ ನೋಡಿ. 1946ರ ಫೆಬ್ರವರಿ 18ರಂದು ಅಲ್ಲಿನ ‘ತಲ್ವಾರ್’ ನೌಕಾ ತರಬೇತಿ ಕೇಂದ್ರದಲ್ಲಿ ಬ್ರಿಟಿಷರ ನೌಕಾಪಡೆಯ ಭಾರತೀಯ ನಾವಿಕರು ತಿಂಡಿ ಮುಟ್ಟಲಿಲ್ಲ. ಕೆಟ್ಟ ಊಟ, ಬಿಳಿ ಅಧಿಕಾರಿಯ ಬೈಗುಳ ಸಾಕಾಗಿತ್ತು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ. ಮುಷ್ಕರ ಸಮಿತಿಯನ್ನು ತಾವೇ ಆರಿಸಿಕೊಂಡರು. ಹಡಗುಗಳ ಮೇಲೆ ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಬಾವುಟ ಒಟ್ಟಿಗೇ ಹಾರಿದವು. ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಊರಿನ ಜನ ಅವರಿಗೆ ಊಟ ತಂದುಕೊಟ್ಟರು.

ಆದ್ರೆ 22ರಂದು ನಾವಿಕರ ಬೆಂಬಲಕ್ಕೆ ಮುಂಬೈಯ ಗಿರಣಿಗಳು ನಿಂತದ್ದು ಸುಮ್ನೆ ಅಲ್ಲ, ಆ ಕರೆ ಕಮ್ಯುನಿಸ್ಟರದ್ದು. ಇದನ್ನ ಮರೆಮಾಚಬಾರದು. ಶರಣಾಗಿ ಅಂತ ಕಾಂಗ್ರೆಸ್ಸಿನ ವಲ್ಲಭಭಾಯಿ ಪಟೇಲರು ನಾವಿಕರಿಗೆ ಹೇಳಿದರು, 23ಕ್ಕೆ ದಂಗೆ ಮುಗಿಯಿತು. ಸಂಘಟನೆ ಬೇಕೇ ಬೇಕು, ಆದರೆ ಮೇಲಿಂದಲೇ ಬರಬೇಕಿಲ್ಲ ಅಂತ ನನಗನಿಸುತ್ತೆ. ರಷ್ಯಾದ ನೌಕಾನೆಲೆ ಕ್ರಾನ್‌ಸ್ಟಾಟ್‌ನ 1921ರ ದಂಗೆ ಬಗ್ಗೆಯೂ ಓದಿ. ಅಲ್ಲೂ ನಾವಿಕರೇ ಎದ್ದರು, ಹತ್ತಿಕ್ಕಿದ್ದು ಲೆನಿನ್ನರ ಬೋಲ್ಷೆವಿಕ್ (ಕಮ್ಯುನಿಸ್ಟ್) ಸರ್ಕಾರ.